ಬಹುಮತ ಬಂದಾಯ್ತು, ಮುಂದೇನು? ಲೋಕಸಭೆಯ ಮೊದಲ ಸ್ಪೀಕರ್ ಮಾವಳಂಕರ್ ಕಥೆ

ಪ್ರತಿ ಚುನಾವಣೆಯ ಫಲಿತಾಂಶ ಬಂದ ಮೇಲೆ ನಮ್ಮಲ್ಲಿ ಒಂದೇ ಜಗಳ. ಗೆದ್ದವರು ಜನ ನಮಗೆ ಅಧಿಕಾರ ಕೊಟ್ಟಿದ್ದಾರೆ, ನೀವು ಐದು ವರ್ಷ ಸುಮ್ಮನೆ ಕೂತ್ಕೊಳ್ಳಿ ಅಂತಾರೆ. ಸೋತವರು ಪ್ರಜಾಪ್ರಭುತ್ವವೇ ಸತ್ತುಹೋಯ್ತು ಅಂತಾರೆ. ಮುಂದಿನ ಸಲ ಕುರ್ಚಿ ಬದಲಾದರೆ ಡೈಲಾಗೂ ಬದಲಾಗುತ್ತೆ.

2023ರ ಡಿಸೆಂಬರ್‌ನಲ್ಲಿ ಸಂಸತ್ತಿನ ಎರಡೂ ಸದನಗಳಿಂದ 146 ವಿರೋಧ ಪಕ್ಷದ ಸಂಸದರನ್ನು ಅಮಾನತು ಮಾಡಿದರು. ಸಂಸತ್ತಿನ ಭದ್ರತಾ ಲೋಪದ ಬಗ್ಗೆ ಗೃಹ ಸಚಿವರು ಸದನಕ್ಕೆ ಉತ್ತರ ಕೊಡಲಿ ಎಂದು ಅವರು ಗಲಾಟೆ ಮಾಡುತ್ತಿದ್ದರು. ಅವರಲ್ಲಿ ಬಹುತೇಕರು ಹೊರಗಿದ್ದಾಗಲೇ ಮೂರು ಹೊಸ ಕ್ರಿಮಿನಲ್ ಕಾನೂನುಗಳ ಮಸೂದೆಗಳು ಪಾಸಾದವು. ಆಗ ನನ್ನ ಫೋನ್ ತುಂಬಾ ಆಕ್ರೋಶದ ಪೋಸ್ಟ್‌ಗಳು. 2025ರ ಮಾರ್ಚ್‌ನಲ್ಲಿ ನಮ್ಮ ವಿಧಾನಸಭೆಯಲ್ಲಿ ಬಿಜೆಪಿಯ 18 ಶಾಸಕರನ್ನು ಆರು ತಿಂಗಳ ಕಾಲ ಅಮಾನತು ಮಾಡಿದರು. ಸ್ಪೀಕರ್ ಪೀಠದ ಹತ್ತಿರ ನುಗ್ಗಿ ಕಾಗದ ಹರಿದು ಎಸೆದಿದ್ದರು, ತಪ್ಪೇ. ಆದರೆ ಆರು ತಿಂಗಳು? ಅದನ್ನು ಮೇ ತಿಂಗಳಲ್ಲಿ ವಾಪಸ್ ಪಡೆದರು ಅನ್ನೋದು ಬೇರೆ ಮಾತು. ಡಿಸೆಂಬರ್‌ನಲ್ಲಿ ಕೂಗಾಡಿದ್ದ ಎಷ್ಟೋ ಗೆಳೆಯರು ಮಾರ್ಚ್‌ನಲ್ಲಿ ತೆಪ್ಪಗಿದ್ದರು. ಡಿಸೆಂಬರ್‌ನಲ್ಲಿ ಚಪ್ಪಾಳೆ ಹೊಡೆದವರು ಮಾರ್ಚ್‌ನಲ್ಲಿ ಸಂವಿಧಾನದ ಪುಸ್ತಕ ಹಿಡಿದು ನಿಂತರು.

ಗೆದ್ದ ಪಕ್ಷ ಸೋತ ಪಕ್ಷವನ್ನು ನ್ಯಾಯವಾಗಿ ನಡೆಸಿಕೊಳ್ಳಬೇಕಾ? ಈ ಪ್ರಶ್ನೆ ಹಿಡಿದು ಹಿಂದಕ್ಕೆ ಹೋದಾಗ ನನಗೆ ಸಿಕ್ಕಿದ್ದು ಗಣೇಶ ವಾಸುದೇವ ಮಾವಳಂಕರ್. ದೆಹಲಿಗೆ ಹೋದವರು ಮಾವಳಂಕರ್ ಹಾಲ್ ಹೆಸರು ಕೇಳಿರುತ್ತೀರಿ. ಪರೀಕ್ಷೆಗೆ ಓದಿದವರಿಗೆ ಅವರು ಲೋಕಸಭೆಯ ಮೊದಲ ಸ್ಪೀಕರ್ ಅಂತ ಒಂದು ಅಂಕದ ಉತ್ತರ. ಆದರೆ ಆ ಮನುಷ್ಯನ ಬದುಕಿನಲ್ಲಿ ನಮ್ಮ ಜಗಳ ಪೂರ್ತಿಯಾಗಿ ಇದೆ. ಅವರು ಮಾಡಿದ ಒಳ್ಳೆಯ ಕೆಲಸವೂ ಇದೆ, ಅವರ ಹೆಸರಲ್ಲಿ ಮುಂದೆ ನಡೆದ ಅನ್ಯಾಯವೂ ಇದೆ.

ವಕೀಲ, ಪುರಸಭೆ, ಜೈಲು

ಮಾವಳಂಕರ್ ಹುಟ್ಟಿದ್ದು 1888ರ ನವೆಂಬರ್ 27ರಂದು, ಬರೋಡಾದಲ್ಲಿ. ಮರಾಠಿ ಮನೆತನ, ಮೂಲ ಊರು ರತ್ನಗಿರಿ ಕಡೆಯದು. ಓದು ಅಹಮದಾಬಾದಿನಲ್ಲಿ, ಕಾನೂನು ಪದವಿ ಮುಂಬೈಯಲ್ಲಿ. 1913ರಲ್ಲಿ ಅಹಮದಾಬಾದಿನಲ್ಲಿ ವಕೀಲಿಕೆ ಶುರು ಮಾಡಿದರು. ಗಾಂಧಿ, ವಲ್ಲಭಭಾಯಿ ಪಟೇಲ್ ಇಬ್ಬರೂ ಅದೇ ಊರಿನಲ್ಲಿ ಕೆಲಸ ಮಾಡುತ್ತಿದ್ದ ಕಾಲ. ಖೇಡಾ ಸತ್ಯಾಗ್ರಹ, ಅಸಹಕಾರ ಚಳವಳಿ, ಎಲ್ಲದರಲ್ಲೂ ಮಾವಳಂಕರ್ ಇದ್ದರು. ಹಲವು ಸಲ ಜೈಲಿಗೆ ಹೋಗಿಬಂದರು. ಜೈಲಿನಲ್ಲಿ ಕಂಡ ಅಪರಾಧಿ ಕೈದಿಗಳ ಬಗ್ಗೆ ಗುಜರಾತಿಯಲ್ಲಿ ಒಂದು ಪುಸ್ತಕ ಬರೆದರು. ಕಳ್ಳತನ, ಕೊಲೆ ಮಾಡಿ ಬಂದವರಲ್ಲೂ ಮನುಷ್ಯ ಇದ್ದಾನೆ ಅನ್ನೋದೇ ಆ ಪುಸ್ತಕದ ವಿಷಯ.

ರಾಜಕೀಯದ ಪಾಠ ಕಲಿತದ್ದು ಅಹಮದಾಬಾದ್ ಪುರಸಭೆಯಲ್ಲಿ. 1919ರಿಂದ ಸುಮಾರು ಹದಿನೆಂಟು ವರ್ಷ ಅಲ್ಲಿ ಸದಸ್ಯ, ಎರಡು ಅವಧಿ ಅಧ್ಯಕ್ಷ. ಚರಂಡಿ, ನೀರು, ತೆರಿಗೆ ಬಗ್ಗೆ ಕೂತು ಮಾತಾಡಿದವರಿಗೆ ಒಂದು ವಿಷಯ ಗೊತ್ತಿರುತ್ತೆ: ಇವತ್ತು ಎದುರು ಕೂತವರ ಜೊತೆ ನಾಳೆ ಅದೇ ಪೈಪ್‌ಲೈನ್ ಬಗ್ಗೆ ಕೆಲಸ ಮಾಡಬೇಕು.

ಮುಂಬೈ ಸದನ: ಎದುರಿಗೆ ಅಂಬೇಡ್ಕರ್

1937ರಲ್ಲಿ ಪ್ರಾಂತ್ಯಗಳಿಗೆ ಚುನಾವಣೆ ಆಯ್ತು. ಅಷ್ಟು ವರ್ಷ ಬ್ರಿಟಿಷ್ ಸರ್ಕಾರದ ಎದುರು ಕೂತಿದ್ದ ಕಾಂಗ್ರೆಸ್ ಮೊದಲ ಸಲ ಮುಂಬೈ ಪ್ರಾಂತ್ಯದಲ್ಲಿ ಅಧಿಕಾರದ ಕಡೆ ಬಂದು ಕೂತಿತು. ಬಿ.ಜಿ. ಖೇರ್ ಸರ್ಕಾರ. ಮಾವಳಂಕರ್ ಸ್ಪೀಕರ್. ಆಗ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬೈ ಪ್ರಾಂತ್ಯದಲ್ಲೇ ಇದ್ದವು. ಹಾಗಾಗಿ ನಮ್ಮ ಉತ್ತರ ಕರ್ನಾಟಕದ ಪ್ರತಿನಿಧಿಗಳೂ ಇದೇ ಮಾವಳಂಕರ್ ಎದುರು ಕೂತವರು.

ಆ ಸದನದ ವಿರೋಧ ಪಕ್ಷದ ಸಾಲಿನಲ್ಲಿ ಬಿ.ಆರ್. ಅಂಬೇಡ್ಕರ್ ಇದ್ದರು, ತಮ್ಮ ಸ್ವತಂತ್ರ ಕಾರ್ಮಿಕ ಪಕ್ಷದ ಚಿಕ್ಕ ಗುಂಪಿನ ಜೊತೆ. 1937ರ ಸೆಪ್ಟೆಂಬರ್‌ನಲ್ಲಿ ಅವರು ಕೊಂಕಣದ ಖೋತಿ ಪದ್ಧತಿ ರದ್ದು ಮಾಡುವ ಮಸೂದೆ ತಂದರು. ಖೋತಿ ಅಂದರೆ ಸರ್ಕಾರ ಮತ್ತು ರೈತನ ಮಧ್ಯೆ ನಿಂತು ಕಂದಾಯ ವಸೂಲಿ ಮಾಡಿ ರೈತನನ್ನು ಹಿಂಡುತ್ತಿದ್ದ ಪದ್ಧತಿ. ಕಾಂಗ್ರೆಸ್ ಸರ್ಕಾರ ಅದನ್ನು ಪಾಸು ಮಾಡಲಿಲ್ಲ. ಆದರೆ ಮಸೂದೆ ಸದನದ ದಾಖಲೆಗೆ ಬಂತು. ಹೊರಗೆ ರೈತರು ಅದನ್ನು ಹಿಡಿದು ಹೋರಾಡಿದರು. ಹನ್ನೆರಡು ವರ್ಷ ಆದ ಮೇಲೆ, 1949ರ ಕಾಯ್ದೆಯಲ್ಲಿ, ಅದೇ ಮುಂಬೈ ಸರ್ಕಾರ ಖೋತಿ ಪದ್ಧತಿ ರದ್ದು ಮಾಡಿತು.

ಅಲ್ಪಸಂಖ್ಯೆಯವರಿಗೆ ಸದನದಲ್ಲಿ ಜಾಗ ಯಾಕೆ ಬೇಕು ಎಂದು ಕೇಳಿದವರಿಗೆ ನಾನು ಈ ಉದಾಹರಣೆ ಕೊಡ್ತೀನಿ. ಇವತ್ತು ಸೋತ ಮಸೂದೆ ನಾಳೆ ಗೆದ್ದವರ ಕಾನೂನಾಗಬಹುದು. ಆದರೆ ಅದಕ್ಕೆ ಮೊದಲು ಅದು ಸದನದ ಮೇಜಿನ ಮೇಲೆ ಬರಬೇಕಲ್ಲ?

ಮೂರು ಮತದಲ್ಲಿ ಗೆದ್ದವರು

1946ರ ಜನವರಿಯಲ್ಲಿ ದೆಹಲಿಯ ಕೇಂದ್ರ ಶಾಸನಸಭೆಯ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ. ಬ್ರಿಟಿಷ್ ಸರ್ಕಾರದ ಬೆಂಬಲ ಇದ್ದದ್ದು ಸರ್ ಕಾವಸ್ಜಿ ಜಹಾಂಗೀರ್‌ಗೆ. ಕಾಂಗ್ರೆಸ್‌ನಿಂದ ಮಾವಳಂಕರ್. ಫಲಿತಾಂಶ 66–63. ಮೂರೇ ಮತದ ಅಂತರ.

ಆರು ವರ್ಷ ಆದ ಮೇಲೆ ಚಿತ್ರ ಪೂರ್ತಿ ಬೇರೆ. 1952ರ ಮೇ 15ರಂದು ಮೊದಲ ಲೋಕಸಭೆ ಸ್ಪೀಕರ್ ಆಯ್ಕೆ ಮಾಡಿದಾಗ ಮಾವಳಂಕರ್ ಪರ 394, ವಿರುದ್ಧ 55. ಎದುರು ನಿಂತಿದ್ದವರು ಶಂಕರ ಶಾಂತಾರಾಮ ಮೋರೆ. ಮೂರು ಮತದಲ್ಲಿ ಗೆದ್ದಾಗ ವಿರೋಧಿಗಳನ್ನು ಚೆನ್ನಾಗಿ ನಡೆಸಿಕೊಳ್ಳಲೇಬೇಕು, ಬೇರೆ ದಾರಿ ಇರಲ್ಲ. ಮುನ್ನೂರು ಮತಕ್ಕಿಂತ ಹೆಚ್ಚಿನ ಅಂತರದಲ್ಲಿ ಗೆದ್ದಾಗ ಹೇಗೆ ನಡೆದುಕೊಳ್ತೀರಿ ಅನ್ನೋದೇ ನಿಜವಾದ ಪರೀಕ್ಷೆ.

ಇಲ್ಲಿ ಒಂದು ಲೆಕ್ಕ ಹೇಳಬೇಕು. ಆ ಮೊದಲ ಚುನಾವಣೆಯಲ್ಲಿ ಕಾಂಗ್ರೆಸ್ 489ರಲ್ಲಿ 364 ಸೀಟು ಗೆದ್ದಿತು. ಹತ್ತಿರ ಹತ್ತಿರ ಮುಕ್ಕಾಲು ಭಾಗ. ಬಂದ ಮತ? ಸುಮಾರು ಶೇ 45. ಸಮಾಜವಾದಿ ಪಕ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಮತ ಬಂದರೂ ಸಿಕ್ಕಿದ್ದು 12 ಸೀಟು. ಶೇ 3 ಚಿಲ್ಲರೆ ಮತ ಪಡೆದ ಕಮ್ಯುನಿಸ್ಟ್ ಪಕ್ಷಕ್ಕೆ 16 ಸೀಟು. ಇದು ಹಳೆಯ ಕಥೆ ಅಂದುಕೊಳ್ಳಬೇಡಿ. 2019ರಲ್ಲಿ ಬಿಜೆಪಿಗೆ ಸುಮಾರು ಶೇ 37 ಮತಕ್ಕೆ 303 ಸೀಟು ಬಂತು. 2023ರಲ್ಲಿ ನಮ್ಮ ರಾಜ್ಯದಲ್ಲಿ ಕಾಂಗ್ರೆಸ್‌ಗೆ ಸುಮಾರು ಶೇ 43 ಮತಕ್ಕೆ 224ರಲ್ಲಿ 135 ಸೀಟು ಬಂತು.

ಗೆಲುವು ಗೆಲುವೇ, ಸರ್ಕಾರ ಮಾಡುವ ಹಕ್ಕಿನ ಬಗ್ಗೆ ತಕರಾರಿಲ್ಲ. ಆದರೆ ಜನ ಎಲ್ಲಾ ನಮ್ಮ ಕಡೆ ಇದ್ದಾರೆ ಅನ್ನೋ ಮಾತು ಲೆಕ್ಕಕ್ಕೆ ನಿಲ್ಲಲ್ಲ. ಸದನದಲ್ಲಿ ಚಿಕ್ಕದಾಗಿ ಕಾಣುವ ಆ ಸಾಲುಗಳ ಹಿಂದೆ ಹೊರಗೆ ಅರ್ಧಕ್ಕಿಂತ ಹೆಚ್ಚು ಮತದಾರರು ನಿಂತಿರುತ್ತಾರೆ. ಅವರ ಬಾಯಿ ಮುಚ್ಚಿಸಿದರೆ ಮುಚ್ಚಿಹೋಗೋದು ಬರೀ ಎದುರು ಪಕ್ಷದ ನಾಯಕರ ಬಾಯಿ ಮಾತ್ರ ಅಲ್ಲ.

ಸಣ್ಣವರಿಗೆ ಹತಾರಗಳು

ಮಾವಳಂಕರ್ ಒಳ್ಳೆಯ ಮನುಷ್ಯ, ಹಾಗಾಗಿ ಎಲ್ಲರಿಗೂ ಮಾತಾಡಲು ಬಿಟ್ಟರು ಅಂತ ಹೇಳಿ ಮುಗಿಸಿದರೆ ಕಥೆಯ ಮುಖ್ಯ ಭಾಗವೇ ಬಿಟ್ಟುಹೋಗುತ್ತೆ. ಅವರು ಬರೀ ಒಳ್ಳೆಯತನವನ್ನು ನಂಬಲಿಲ್ಲ. ನಿಯಮ, ಸಮಿತಿ, ಪದ್ಧತಿ ಕಟ್ಟಿದರು.

1952ರಲ್ಲಿ ಕಾರ್ಯಕಲಾಪ ಸಲಹಾ ಸಮಿತಿ ಬಂತು. ಯಾವ ವಿಷಯಕ್ಕೆ ಎಷ್ಟು ಗಂಟೆ ಅಂತ ಸರ್ಕಾರ ಒಂದೇ ತೀರ್ಮಾನ ಮಾಡದೆ, ವಿರೋಧ ಪಕ್ಷದವರೂ ಸ್ಪೀಕರ್ ಎದುರು ಒಂದೇ ಮೇಜಿಗೆ ಕೂತು ಒಪ್ಪಿಕೊಳ್ಳುವ ವ್ಯವಸ್ಥೆ. 1953ರಲ್ಲಿ ಅಲ್ಪಾವಧಿ ಚರ್ಚೆಯ ಪದ್ಧತಿ ಶುರುವಾಯಿತು. ಮತಕ್ಕೆ ಹಾಕದೆಯೇ ತುರ್ತು ವಿಷಯವೊಂದನ್ನು ಎತ್ತಬಹುದು. ಅದೇ ವರ್ಷ ಸರ್ಕಾರಿ ಭರವಸೆಗಳ ಸಮಿತಿ. ಮಂತ್ರಿಗಳು ಸದನದಲ್ಲಿ ಎದ್ದು ನಿಂತು ಪರಿಶೀಲಿಸ್ತೀವಿ, ಕ್ರಮ ಕೈಗೊಳ್ತೀವಿ ಅಂತಾರಲ್ಲ, ಆ ಮಾತನ್ನೆಲ್ಲ ಬರೆದಿಟ್ಟುಕೊಂಡು ಏನಾಯ್ತು ಅಂತ ಬೆನ್ನು ಹತ್ತುವ ಸಮಿತಿ. ಪ್ರಶ್ನೋತ್ತರ ವೇಳೆ ಗಟ್ಟಿಯಾಗಿದ್ದು ಅವರ ಕಾಲದಲ್ಲೇ.

ಈ ಹತಾರಗಳನ್ನು ಹೆಚ್ಚು ಬಳಸುವವರು ಯಾರು? ಬಹುಮತ ಇಲ್ಲದವರು. ಬಹುಮತ ಇದ್ದವರಿಗೆ ಮತ ಹಾಕಿ ಗೆಲ್ಲುವ ದಾರಿ ಇದೆ. ಇಲ್ಲದವರಿಗೆ ಕೇಳುವ ದಾರಿ ಮಾತ್ರ ಇರೋದು. ಎ.ಕೆ. ಗೋಪಾಲನ್, ಹಿರೇನ್ ಮುಖರ್ಜಿ, ಶ್ಯಾಮಾ ಪ್ರಸಾದ್ ಮುಖರ್ಜಿ ಇದ್ದ ಆ ಸದನದಲ್ಲಿ ವಿರೋಧ ಪಕ್ಷಗಳ ಸಂಖ್ಯೆ ಸಣ್ಣದು, ಸದ್ದು ದೊಡ್ಡದು.

ಸ್ವಂತ ಪಕ್ಷದ ಸರ್ಕಾರಕ್ಕೂ ಮಾವಳಂಕರ್ ಕಿರಿಕಿರಿ ಕೊಟ್ಟರು. ಸದನ ಸೇರುವ ಮುಂಚೆ ಸುಗ್ರೀವಾಜ್ಞೆ ಹೊರಡಿಸಿ, ಆಮೇಲೆ ಒಪ್ಪಿಗೆ ಕೇಳುವ ಚಾಳಿ ಆಗಲೇ ಶುರುವಾಗಿತ್ತು. ಸದನವನ್ನು ಬರೀ ಮುದ್ರೆ ಒತ್ತುವ ಜಾಗ ಮಾಡಬೇಡಿ ಎಂಬ ಅರ್ಥದಲ್ಲಿ ಅವರು 1950ರಲ್ಲಿ ಸಂಸದೀಯ ವ್ಯವಹಾರಗಳ ಸಚಿವರಿಗೆ, 1954ರಲ್ಲಿ ನೇರವಾಗಿ ಪ್ರಧಾನಿ ನೆಹರೂಗೆ ಪತ್ರ ಬರೆದರು. ನೆಹರೂ ಪೂರ್ತಿ ಒಪ್ಪಲಿಲ್ಲ. ಆದರೆ ಪತ್ರ ಬರೆಯುವ ಸ್ಪೀಕರ್ ಒಬ್ಬರಿದ್ದರು.

ಅವರ ವಿರುದ್ಧವೇ ನಿರ್ಣಯ

ಹಾಗಂತ ವಿರೋಧ ಪಕ್ಷಕ್ಕೆ ಮಾವಳಂಕರ್ ಬಗ್ಗೆ ಸಿಟ್ಟು ಇರಲಿಲ್ಲ ಅಂತ ಅಲ್ಲ. ನಿಲುವಳಿ ಸೂಚನೆಗಳನ್ನು ಅವರು ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ಸರ್ಕಾರವನ್ನು ಕೆಳಗಿಳಿಸಲು ದಾರಿ ಇರಲಿಲ್ಲ, ಆಗ ಆ ಅಸ್ತ್ರ ಬೇಕಿತ್ತು. ಈಗ ಬೇರೆ ದಾರಿಗಳಿವೆ ಅನ್ನೋದು ಅವರ ವಾದ. ಎದುರು ಸಾಲಿನವರಿಗೆ ಅದು ಆಡಳಿತ ಪಕ್ಷದ ಪರ ಅನ್ನಿಸಿತು. ಇನ್ನೊಂದು ಕಾರಣವೂ ಇತ್ತು: ಸ್ಪೀಕರ್ ಆದ ಮೇಲೂ ಮಾವಳಂಕರ್ ಕಾಂಗ್ರೆಸ್ ಬಿಡಲಿಲ್ಲ. ಇಂಗ್ಲೆಂಡಿನ ಸ್ಪೀಕರ್ ಥರ ಪಕ್ಷದ ಸಂಬಂಧವನ್ನೇ ಕಡಿದುಕೊಳ್ಳುವುದು ನಮ್ಮಲ್ಲಿ ಸದ್ಯಕ್ಕೆ ಆಗದ ಕೆಲಸ ಎಂದು ನಂಬಿದ್ದರು. ಈ ವಿಷಯದಲ್ಲಿ ನಾನು ಅವರ ಕಡೆ ಇಲ್ಲ. ನ್ಯಾಯ ಕೊಡುವವರು ನ್ಯಾಯವಾಗಿದ್ದರೆ ಸಾಲದು, ಹಾಗೆ ಕಾಣಿಸಲೂ ಬೇಕು.

1954ರ ಡಿಸೆಂಬರ್ 18ರಂದು ಅವರನ್ನು ಸ್ಪೀಕರ್ ಸ್ಥಾನದಿಂದ ತೆಗೆಯುವ ನಿರ್ಣಯ ಲೋಕಸಭೆಯಲ್ಲಿ ಚರ್ಚೆಗೆ ಬಂತು. ಸ್ವತಂತ್ರ ಭಾರತದಲ್ಲಿ ಅದು ಮೊದಲ ಸಲ. ಸೋಲೋದು ಖಚಿತ ಅಂತ ಮಂಡಿಸಿದವರಿಗೂ ಗೊತ್ತಿತ್ತು. ಬಹುಮತ ಬಳಸಿ ಹತ್ತು ನಿಮಿಷದಲ್ಲಿ ಹೊಸಕಿಹಾಕಬಹುದಿತ್ತು. ಆಗಿದ್ದೇ ಬೇರೆ. ಸಂವಿಧಾನದ ಪ್ರಕಾರ ತಮ್ಮ ಮೇಲಿನ ನಿರ್ಣಯ ಚರ್ಚೆಯಾಗುವಾಗ ಸ್ಪೀಕರ್ ಪೀಠದಲ್ಲಿ ಕೂರುವಂತಿಲ್ಲ. ಡೆಪ್ಯುಟಿ ಸ್ಪೀಕರ್ ಅನಂತಶಯನಂ ಅಯ್ಯಂಗಾರ್ ಸದನ ನಡೆಸಿದರು. ನೆಹರೂ ನಿರ್ಣಯ ತಂದವರನ್ನು ಖಾರವಾಗಿಯೇ ಟೀಕಿಸಿದರು. ಜೊತೆಗೆ, ಇದು ಪಕ್ಷದ ವಿಷಯ ಅಲ್ಲ, ವಿಪ್ ಇಲ್ಲ, ನಿಮಗೆ ಸರಿ ಕಂಡ ಹಾಗೆ ಮತ ಹಾಕಿ ಎಂದು ತಮ್ಮವರಿಗೆ ತಿಳಿಸಿದರು. ನಿರ್ಣಯ ಬಿದ್ದುಹೋಯಿತು. ಆದರೆ ದೂರು ಹೇಳಬೇಕಾದವರು ದೂರನ್ನು ಸದನದ ಒಳಗೇ, ದಾಖಲೆಯಲ್ಲೇ ಹೇಳಿದರು.

ಈಗ ನಮ್ಮ ಕಾಲಕ್ಕೆ ಬನ್ನಿ. 2019ರಿಂದ 2024ರವರೆಗೆ, 17ನೇ ಲೋಕಸಭೆಯ ಇಡೀ ಅವಧಿಯಲ್ಲಿ, ಡೆಪ್ಯುಟಿ ಸ್ಪೀಕರ್ ಹುದ್ದೆಯೇ ಖಾಲಿ. ಆದಷ್ಟು ಬೇಗ ಆಯ್ಕೆ ಮಾಡಬೇಕು ಅನ್ನುವ ಸಂವಿಧಾನದ 93ನೇ ವಿಧಿ ಪುಸ್ತಕದಲ್ಲೇ ಉಳೀತು. ಆ ಹುದ್ದೆಯನ್ನು ಎದುರು ಸಾಲಿನವರಿಗೆ ಕೊಡುವ ರೂಢಿ ಬೆಳೆದುಬಂದಿತ್ತು. ಕೊಡೋದು ಬೇಡ ಅನ್ನಿಸಿದರೆ ತುಂಬದೆಯೇ ಬಿಟ್ಟರಾಯ್ತು. ಹೊಸ ಕಾನೂನೇನೂ ಬೇಕಾಗಲಿಲ್ಲ.

ಶೇ 10ರ ಕಥೆ

ಮಾವಳಂಕರ್ ಬಿಟ್ಟುಹೋದದ್ದೆಲ್ಲ ಅಲ್ಪಸಂಖ್ಯೆಯವರಿಗೆ ನೆರವಾಗಲಿಲ್ಲ. ಸದನದಲ್ಲಿ ಪಕ್ಷ ಅಂತ ಮಾನ್ಯತೆ ಬೇಕಾದರೆ ಒಟ್ಟು ಸದಸ್ಯರಲ್ಲಿ ಹತ್ತನೇ ಒಂದು ಭಾಗ ಇರಬೇಕು ಎಂಬ ನಿರ್ದೇಶನ ಅವರದ್ದೇ. ಅವರ ತರ್ಕ ಸರಳ: ಸದನದ ಕೋರಂಗೆ ಬೇಕಾದಷ್ಟು ಜನ ಪಕ್ಷದಲ್ಲಿ ಇರಬೇಕು, ಕೋರಂ ಅಂದರೆ ಹತ್ತನೇ ಒಂದು. ಅದಕ್ಕಿಂತ ಚಿಕ್ಕದಾಗಿ ಸುಮಾರು 30 ಜನ ಇದ್ದವರನ್ನು ಗುಂಪು ಎಂದು ಗುರುತಿಸುವ ದಾರಿಯನ್ನೂ ಇಟ್ಟರು. ಮೊದಲ ಲೋಕಸಭೆಯಲ್ಲಿ ಯಾವ ವಿರೋಧ ಪಕ್ಷಕ್ಕೂ ಅಷ್ಟು ಸಂಖ್ಯೆ ಇರಲಿಲ್ಲ. ಅಧಿಕೃತ ವಿರೋಧ ಪಕ್ಷದ ನಾಯಕ ಇರಲಿಲ್ಲ, ಆದರೆ ಮಾತಿಗೆ ಬರ ಇರಲಿಲ್ಲ.

ಮುಂದೆ ಏನಾಯ್ತು ನೋಡಿ. 1977ರಲ್ಲಿ ವಿರೋಧ ಪಕ್ಷದ ನಾಯಕರ ಸಂಬಳ, ಭತ್ಯೆಗೆ ಪ್ರತ್ಯೇಕ ಕಾನೂನು ಬಂತು. ಅದರಲ್ಲಿ ಶೇ 10ರ ಮಾತೇ ಇಲ್ಲ, ವಿರೋಧ ಪಕ್ಷಗಳಲ್ಲಿ ದೊಡ್ಡದು ಯಾವುದೋ ಅದರ ನಾಯಕ, ಸ್ಪೀಕರ್ ಮಾನ್ಯತೆ ಕೊಡಬೇಕು ಅಂತಷ್ಟೇ ಇದೆ. ಆದರೂ 1984ರಲ್ಲಿ ಕಾಂಗ್ರೆಸ್ 400ಕ್ಕೂ ಹೆಚ್ಚು ಸೀಟು ಗೆದ್ದಾಗ, 30 ಸೀಟಿನ ತೆಲುಗು ದೇಶಂ ದೊಡ್ಡ ವಿರೋಧ ಪಕ್ಷವಾಗಿದ್ದರೂ ಆ ಸ್ಥಾನ ಸಿಗಲಿಲ್ಲ. 2014ರಲ್ಲಿ 44 ಸೀಟಿಗೆ ಇಳಿದ ಕಾಂಗ್ರೆಸ್ ಅದೇ ಸ್ಥಾನ ಕೇಳಿದಾಗ ಬಿಜೆಪಿ ಬಹುಮತದ ಸದನದಲ್ಲೂ ಅದೇ ಉತ್ತರ. 2019ರಲ್ಲಿ 52 ಸೀಟು, ಬೇಕಾದ 55ಕ್ಕೆ ಮೂರು ಕಮ್ಮಿ, ಮತ್ತೆ ಇಲ್ಲ. ಹತ್ತು ವರ್ಷ ಲೋಕಸಭೆಗೆ ಅಧಿಕೃತ ವಿರೋಧ ಪಕ್ಷದ ನಾಯಕನೇ ಇರಲಿಲ್ಲ.

ಸಿಬಿಐ ನಿರ್ದೇಶಕ, ಲೋಕಪಾಲ ಆಯ್ಕೆ ಸಮಿತಿಗಳಲ್ಲಿ ವಿರೋಧ ಪಕ್ಷದ ನಾಯಕನಿಗೆ ಒಂದು ಕುರ್ಚಿ ಇದೆ. ಹಾಗಾಗಿ ಇದು ಬರೀ ಮರ್ಯಾದೆಯ ಪ್ರಶ್ನೆ ಆಗಿ ಉಳಿಯಲಿಲ್ಲ. ಕೋರಂ ಲೆಕ್ಕಕ್ಕೆ ಬರೆದ ಸಾಲೊಂದನ್ನು ಎರಡು ದೊಡ್ಡ ಪಕ್ಷಗಳೂ ಸರದಿ ಮೇಲೆ ಬಾಗಿಲಿಗೆ ಹಾಕಿದ ಚಿಲಕ ಮಾಡಿಕೊಂಡವು. 1984ರಲ್ಲಿ ತೆಲುಗು ದೇಶಂಗೆ ಆ ಕುರ್ಚಿ ಕೊಟ್ಟು ಒಂದು ಸಂಪ್ರದಾಯ ಹಾಕಿದ್ದರೆ, ಮೂವತ್ತು ವರ್ಷದ ನಂತರ ಕಾಂಗ್ರೆಸ್ ಅದನ್ನೇ ತೋರಿಸಬಹುದಿತ್ತು. ತೋರಿಸಲು ಏನೂ ಇರಲಿಲ್ಲ.

ಮಗ ಎದ್ದು ನಿಂತಾಗ

ಮಾವಳಂಕರ್ ಸ್ಪೀಕರ್ ಆಗಿರುವಾಗಲೇ 1956ರ ಫೆಬ್ರವರಿ 27ರಂದು ಹೃದಯದ ಕಾಯಿಲೆಯಿಂದ ತೀರಿಕೊಂಡರು. ಕಥೆ ಅಲ್ಲಿಗೆ ನಿಲ್ಲಲ್ಲ. ಅವರ ಮಗ ಪುರುಷೋತ್ತಮ ಮಾವಳಂಕರ್ 1972ರ ಉಪಚುನಾವಣೆಯಲ್ಲಿ ಅಹಮದಾಬಾದಿನಿಂದ ಪಕ್ಷೇತರರಾಗಿ ಗೆದ್ದು ಲೋಕಸಭೆಗೆ ಬಂದರು. ಅಪ್ಪ ಬೆಳೆಸಿದ ಸದನ, ಹಿಂದೆ ಯಾವ ಪಕ್ಷವೂ ಇಲ್ಲ.

1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು. 1971ರಲ್ಲಿ ಇಂದಿರಾ ಗಾಂಧಿಯವರ ಕಾಂಗ್ರೆಸ್ 352 ಸೀಟು ಗೆದ್ದಿತ್ತು. ಜುಲೈನಲ್ಲಿ ಸಂಸತ್ತು ಸೇರಿದಾಗ ಎಷ್ಟೋ ವಿರೋಧ ಪಕ್ಷದ ನಾಯಕರು ಜೈಲಿನಲ್ಲಿದ್ದರು. ಸರ್ಕಾರದ ಕೆಲಸ ಬಿಟ್ಟು ಬೇರೇನೂ ನಡೆಯಕೂಡದು ಅಂತ ಸದನವೇ ತೀರ್ಮಾನಿಸಿತು. ಪ್ರಶ್ನೋತ್ತರ ವೇಳೆ ಹೋಯಿತು. ಖಾಸಗಿ ಸದಸ್ಯರ ಕಲಾಪ ಹೋಯಿತು. ಸದನದಲ್ಲಿ ಆಡಿದ ವಿರೋಧದ ಮಾತು ಸೆನ್ಸಾರ್ ದಾಟಿ ಪತ್ರಿಕೆಗೆ ಬರುವುದೂ ಕಷ್ಟವಾಯಿತು. ಅಪ್ಪ ವರ್ಷಗಟ್ಟಲೆ ಕೂತು ಗಟ್ಟಿ ಮಾಡಿದ್ದನ್ನು ಬಹುಮತ ಒಂದು ನಿರ್ಣಯದಲ್ಲಿ ಬದಿಗಿಟ್ಟಿತು, ಅದೂ ನಿಯಮ ಪ್ರಕಾರವೇ. ಆ ಸದನದಲ್ಲಿ ಎದ್ದು ನಿಂತು ತುರ್ತು ಪರಿಸ್ಥಿತಿಯನ್ನು ವಿರೋಧಿಸಿದ ಕೆಲವೇ ಜನರಲ್ಲಿ ಮಗ ಮಾವಳಂಕರ್ ಒಬ್ಬರು. 1977ರಲ್ಲಿ ಸರ್ಕಾರ ಬದಲಾಯಿತು. ಹಿಂದಿನ ದಿನದವರೆಗೆ ಎದುರು ಸಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಪಕ್ಷ ತಾನೇ ಆ ಸಾಲಿಗೆ ಬಂದು ಕೂತಿತು.

ಅಪ್ಪ ಮಗ ಇಬ್ಬರ ಕಥೆಯನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಅನ್ನಿಸೋದು ಇಷ್ಟು. ಅಲ್ಪಸಂಖ್ಯೆಯವರ ಹಕ್ಕು ನಿಯಮದಲ್ಲಿ ಇರಬೇಕು, ದೊಡ್ಡವರ ದಯೆಯ ಮೇಲೆ ಬಿಡಬಾರದು. ಆದರೆ ನಿಯಮ ಮಾಡುವವರೂ ಬದಲಿಸುವವರೂ ಬಹುಮತದವರೇ. ಹಾಗಾದರೆ ಅವರನ್ನು ತಡೆಯೋರು ಯಾರು? ವಿರೋಧ ಪಕ್ಷದ ಕೈಯಲ್ಲಿ ಆಗಲ್ಲ, ಅವರ ಹತ್ತಿರ ಮತವೇ ಇಲ್ಲ. ಸದನದ ಒಳಗಿನ ವಿಷಯಕ್ಕೆ ಕೋರ್ಟು ಕೈ ಹಾಕೋದೂ ಕಮ್ಮಿ. ಉಳಿಯೋದು ಗೆದ್ದ ಪಕ್ಷಕ್ಕೆ ವೋಟು ಹಾಕಿದವರು, ಅದಕ್ಕಾಗಿ ಬೀದಿಯಲ್ಲಿ, ಫೋನಿನಲ್ಲಿ ಕೆಲಸ ಮಾಡಿದವರು. ಅಂದರೆ ನಮ್ಮ ನಿಮ್ಮಂಥವರು.

ಸೋತಾಗ ನ್ಯಾಯ ಕೇಳೋದು ಸುಲಭ, ಎಲ್ಲರೂ ಕೇಳ್ತಾರೆ. ನಿಮ್ಮ ಪಕ್ಷ ಅಧಿಕಾರದಲ್ಲಿದ್ದಾಗ ಕೇಳಬೇಕಾದ ಪ್ರಶ್ನೆಗಳು ಬೇರೆ. ಅಧಿವೇಶನ ವರ್ಷಕ್ಕೆ ಎಷ್ಟು ದಿನ ನಡೀತು? ಮಸೂದೆ ಬಂದು ಎಷ್ಟು ಗಂಟೆಗೆ ಪಾಸಾಯ್ತು, ಎಷ್ಟು ಧ್ವನಿಮತದಲ್ಲಿ ಹೋಯ್ತು? ಅಮಾನತಾದ ಎದುರು ಪಕ್ಷದ ಶಾಸಕರ ಕ್ಷೇತ್ರದ ಜನರ ಪ್ರಶ್ನೆಯನ್ನು ಯಾರು ಕೇಳಿದರು? ಮಂತ್ರಿ ಸದನದಲ್ಲಿ ಕೊಟ್ಟ ಭರವಸೆ ಏನಾಯ್ತು? ಮುಂದಿನ ಅಧಿವೇಶನ ಶುರುವಾದಾಗ ಇವನ್ನು ಎದುರು ಪಕ್ಷದವರಿಗೆ ಫಾರ್ವರ್ಡ್ ಮಾಡೋಕೆ ಮುಂಚೆ, ನೀವೇ ಮತ ಹಾಕಿ ಗೆಲ್ಲಿಸಿದ ಶಾಸಕರಿಗೆ ಒಂದು ಸಲ ಕಳಿಸಿ ನೋಡಿ.